ಟೊಮೆಟೊ ಪಾಟಿನ ಬಿಳಿ ಬೂಷ್ಟು, ಅವರೆ ಬೇರಿನ ಗಂಟು

ಪ್ರಶ್ನೆ: ಮೇಡಂ, ಟೆರೇಸ್‌ನಲ್ಲಿ ಟೊಮೆಟೊ ಹಾಕಿದ್ದೇನೆ. ಪಾಟ್ ಬದಲಿಸೋಣ ಅಂತ ಮಣ್ಣು ಬಿಡಿಸಿದರೆ ಒಳಗೆಲ್ಲ ಹತ್ತಿಯಂಥ ಬಿಳಿ ಎಳೆಗಳು. ನರ್ಸರಿಯವರು ಕಾರ್ಬೆಂಡಜಿಮ್ ಸುರಿಯಿರಿ ಅಂದರು. ಪಕ್ಕದ ಮನೆಯವರು ಅದು ಮೈಕೋರೈಜಾ, ಬೇರಿಗೆ ಒಳ್ಳೆಯದು, ಮುಟ್ಟಬೇಡಿ ಅಂತಾರೆ. ಯಾರ ಮಾತು ಕೇಳಲಿ?
(ಓದುಗರು, ಬನಶಂಕರಿ)

ಇಬ್ಬರದೂ ಬೇಡ. ನೀವು ನೋಡಿದ್ದು ಹೆಚ್ಚಾಗಿ ಅರ್ಧ ಕಳಿತ ಗೊಬ್ಬರ, ಒಣ ಎಲೆ ತಿಂದು ಬದುಕುವ ಬೂಷ್ಟು. ಗಿಡ ಚೆನ್ನಾಗಿದ್ದರೆ ಅದರ ಪಾಡಿಗೆ ಅದನ್ನು ಬಿಡಿ. ನೀರು ಸ್ವಲ್ಪ ಕಡಿಮೆ ಮಾಡಿ, ಅಷ್ಟೇ.

ಪಕ್ಕದ ಮನೆಯವರು ಹೇಳಿದ ಮೈಕೋರೈಜಾ ಅಂದರೆ ಬೇರಿನೊಳಗೆ ಸೇರಿ ಗಿಡದ ಜೊತೆ ಬದುಕುವ ಶಿಲೀಂಧ್ರ. ಅದು ನಿಮ್ಮ ಟೊಮೆಟೊ ಬೇರಿನಲ್ಲಿ ಇರಬಹುದು, ಆದರೆ ಬರಿಗಣ್ಣಿಗೆ ಕಾಣುವುದಿಲ್ಲ. ಅದರ ಎಳೆ ನಮ್ಮ ತಲೆಕೂದಲಿನ ಹತ್ತನೇ ಒಂದು ಪಾಲಿನಷ್ಟೂ ದಪ್ಪ ಇರುವುದು ಕಷ್ಟ. ಒಮ್ಮೆ ಗೆಳತಿಯೊಬ್ಬಳ ಲ್ಯಾಬಿನಲ್ಲಿ ನೋಡಿದ್ದೆ. ಬೇರಿನ ತುಂಡನ್ನು ಕ್ಷಾರದಲ್ಲಿ ಕುದಿಸಿ, ನೀಲಿ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟಳು. ಬೇರಿನ ಒಂದೊಂದು ಕೋಶದೊಳಗೂ ಪುಟ್ಟ ನೀಲಿ ಮರ! ಕೊಂಬೆ, ರೆಂಬೆ ಎಲ್ಲ ಇರುವ ಮರ. ಆ ಮರದ ಹತ್ತಿರವೇ ಗಿಡಕ್ಕೂ ಶಿಲೀಂಧ್ರಕ್ಕೂ ಕೊಡುಕೊಳ್ಳುವಿಕೆ ನಡೆಯುವುದು.

ಗಿಡಕ್ಕೆ ಇದರಿಂದ ಏನು ಲಾಭ? ಮುಖ್ಯವಾಗಿ ರಂಜಕ. ನಮ್ಮ ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ರಂಜಕ ಇದ್ದರೂ ಕಬ್ಬಿಣಕ್ಕೆ ಅಂಟಿಕೊಂಡು ಕೂತಿರುತ್ತದೆ. ನೀರಿನ ಜೊತೆ ಹರಿದು ಬರುವ ಜಾತಿಯಲ್ಲ ಅದು. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಜಾಗ ಖಾಲಿ ಮಾಡಿದರೆ ಮುಗೀತು. ಶಿಲೀಂಧ್ರದ ಎಳೆ ಅದನ್ನು ದಾಟಿ ಸೆಂಟಿಮೀಟರುಗಟ್ಟಲೆ ಆಚೆ ಹೋಗಿ ತರುತ್ತದೆ. ಬದಲಿಗೆ ಗಿಡ ಬಿಸಿಲಿನಲ್ಲಿ ತಯಾರಿಸಿದ ಆಹಾರದಲ್ಲಿ ನೂರಕ್ಕೆ 4ರಿಂದ 20 ಪಾಲಿನವರೆಗೂ ಅದಕ್ಕೆ ಕೊಡುತ್ತದೆ.

ಇದರಲ್ಲಿ ಮೂರನೆಯವರೂ ಇದ್ದಾರೆ, ಅದನ್ನು ಯಾರೂ ಹೇಳುವುದಿಲ್ಲ. ಗೊಬ್ಬರದಲ್ಲಿ ಸಿಕ್ಕಿಕೊಂಡ ರಂಜಕವನ್ನು ಬಿಡಿಸುವ ಶಕ್ತಿ ಈ ಶಿಲೀಂಧ್ರಕ್ಕೆ ಅಷ್ಟಾಗಿ ಇಲ್ಲ. ಅದು ಬ್ಯಾಕ್ಟೀರಿಯಾಗಳ ಕೆಲಸ. ಎಳೆಯ ತುದಿಯಿಂದ ಸಕ್ಕರೆ ಜಿನುಗುತ್ತದೆ, ಅದರ ಆಸೆಗೆ ಬ್ಯಾಕ್ಟೀರಿಯಾಗಳು ಎಳೆಗೇ ಅಂಟಿಕೊಂಡು ಬದುಕುತ್ತವೆ. ಅವು ರಂಜಕ ಬಿಡಿಸುತ್ತವೆ, ಎಳೆ ಅದನ್ನು ಬೇರಿಗೆ ಸಾಗಿಸುತ್ತದೆ. ಕಾಯಿ ಸುಲಿಯುವವನು ಒಬ್ಬ, ಹೊತ್ತು ತರುವವನು ಇನ್ನೊಬ್ಬ.

ಈಗ ಕಾರ್ಬೆಂಡಜಿಮ್. ಅದು ಶಿಲೀಂಧ್ರನಾಶಕ. ಇವನು ಒಳ್ಳೆಯವನು, ಅವನು ಕೆಟ್ಟವನು ಅಂತ ವಿಚಾರಿಸಿ ಹೊಡೆಯುವುದಿಲ್ಲ. ರೋಗವೇ ಇಲ್ಲದ ಗಿಡದ ಬುಡಕ್ಕೆ ಸುಮ್ನೆ ಯಾಕೆ ಸುರಿಯಬೇಕು? ರಂಜಕ ತುಂಬಿರುವ ಡಿಎಪಿ ಗೊಬ್ಬರದಲ್ಲೂ ಕೈ ಹಿಡಿತ ಇರಲಿ. ಮೊದಲ ವರ್ಷ ನಾನು ಮೆಣಸಿನ ಪಾಟುಗಳಿಗೆ ವಾರಕ್ಕೊಂದು ಸಲ ಒಂದೊಂದು ಚಮಚ ಹಾಕುತ್ತಿದ್ದೆ, ದೊಡ್ಡ ಕೃಷಿಕಳ ಹಾಗೆ. ಎಲೆಯ ನರ ಮಾತ್ರ ಹಸಿರು, ಮಿಕ್ಕಿದ್ದೆಲ್ಲ ಹಳದಿ! ರಂಜಕ ಜಾಸ್ತಿ ಆದರೆ ಗಿಡ ಶಿಲೀಂಧ್ರವನ್ನು ಹತ್ತಿರ ಸೇರಿಸುವುದನ್ನೇ ಕಡಿಮೆ ಮಾಡುತ್ತದೆ. ಅದು ತರುತ್ತಿದ್ದ ಸತುವೂ ಆಗ ತಪ್ಪಿಹೋಗುತ್ತದೆ, ಎಲೆ ಹಳದಿಯಾಗುತ್ತದೆ.

ಪ್ರಶ್ನೆ: ಅವರೆ ಸೀಸನ್ ಮುಗೀತು ಅಂತ ಗಿಡ ಕಿತ್ತೆ. ಬೇರಿನ ತುಂಬ ಗಂಟು. ರೋಗವೇ? ಮಣ್ಣು ಎಸೆದುಬಿಡಲೇ?
(ಓದುಗರು, ಯಲಹಂಕ)

ಎಸೆಯಬೇಡಿ! ಮೊದಲು ಒಂದು ಗಂಟನ್ನು ಉಗುರಿನಿಂದ ಎಬ್ಬಿಸಿ ನೋಡಿ. ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಸಲೀಸಾಗಿ ಬಿಟ್ಟು ಬಂದರೆ ಅದು ರೈಜೋಬಿಯಂ ಬ್ಯಾಕ್ಟೀರಿಯಾದ ಮನೆ. ಬ್ಲೇಡಿನಿಂದ ಸೀಳಿದರೆ ಒಳಗೆ ನಸುಗೆಂಪು ಇರುತ್ತದೆ, ಥೇಟ್ ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟ. ಕಾಯಿ ಮುಗಿದ ಗಿಡದಲ್ಲಿ ಅದು ಕಂದು, ಹಸಿರಾಗಿಯೂ ಇರಬಹುದು, ಗಾಬರಿ ಬೇಡ. ಗಾಳಿಯ ಸಾರಜನಕವನ್ನು ಗಿಡಕ್ಕೆ ಊಟ ಮಾಡಿಕೊಡುವ ಜಾಗ ಅದು. ಈ ಕೆಲಸಕ್ಕೆ ರಂಜಕ ಬಹಳ ಬೇಕು. ಹಾಗಾಗಿ ಮೇಲೆ ಹೇಳಿದ ಶಿಲೀಂಧ್ರ ಇರುವ ಬೇರಿನಲ್ಲಿ ಗಂಟುಗಳೂ ಚೆನ್ನಾಗಿ ಕೂರುತ್ತವೆ.

ಬೇರೇ ಊದಿಕೊಂಡು, ಗಂಟು ಬಿಡಿಸಲು ಬಾರದಿದ್ದರೆ ಅದು ಬೇರಿಗೆ ಹತ್ತುವ ಜಂತುಹುಳುವಿನ (ನೆಮಟೋಡ್) ಕಾಟ. ಆ ಮಣ್ಣನ್ನು ಏಪ್ರಿಲ್ ಬಿಸಿಲಿನಲ್ಲಿ ಪ್ಲಾಸ್ಟಿಕ್ ಹೊದಿಸಿ ಕಾಯಿಸಿ, ಅಲ್ಲಿ ಚೆಂಡುಹೂ ಹಾಕಿ.

ಗಂಟು ರೈಜೋಬಿಯಂದೇ ಆಗಿದ್ದರೆ ಮುಂದಿನ ಸಲ ಅವರೆ ಗಿಡವನ್ನು ಕೀಳಬೇಡಿ, ಬುಡಕ್ಕೆ ಕತ್ತರಿಸಿ. ಬೇರು ಅಲ್ಲೇ ಕಳಿಯಲಿ.

ಪ್ರಶ್ನೆ: ಮೈಕೋರೈಜಾ ಪ್ಯಾಕೆಟ್ ತಂದು ಮೂಲಂಗಿ, ಪಾಲಕ್, ಹೂಕೋಸಿಗೆ ಹಾಕಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಮೋಸ ಅಲ್ವಾ?
(ಓದುಗರು, ವಿಜಯನಗರ)

ಪ್ಯಾಕೆಟ್ ಹೇಗಿತ್ತೋ, ನೀವು ಆರಿಸಿದ ಗಿಡಗಳು ಮಾತ್ರ ಸರಿಯಿಲ್ಲ. ಮೂಲಂಗಿ, ಕೋಸು, ಸಾಸಿವೆ, ಪಾಲಕ್, ಬೀಟ್‌ರೂಟ್, ದಂಟು, ಇವೆಲ್ಲ ಈ ಶಿಲೀಂಧ್ರವನ್ನು ಮನೆಯೊಳಗೆ ಸೇರಿಸುವ ಗಿಡಗಳಲ್ಲ. ಇನ್ನೊಂದು ಮಾತು. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ತಂದು ಕೆಲವರು ಅದನ್ನೇ ಮೈಕೋರೈಜಾ ಅಂದುಕೊಳ್ಳುತ್ತಾರೆ. ಅದರಲ್ಲಿರುವುದು ಬ್ಯಾಕ್ಟೀರಿಯಾ. ಮೈಕೋರೈಜಾ ಜೀವಂತ ಬೇರಿಲ್ಲದೆ ಬೆಳೆಯುವುದೇ ಇಲ್ಲ, ಅದಕ್ಕೇ ಅದನ್ನು ಗಿಡದ ಬೇರಿನಲ್ಲೇ ಸಾಕಿ ತಯಾರಿಸುತ್ತಾರೆ.

ಮಿಕ್ಕ ಪುಡಿಯನ್ನು ಬದನೆ ಸಸಿಗೆ ಇಡಿ. ಮೇಲೆ ಉದುರಿಸಬೇಡಿ, ಸಸಿ ನೆಡುವ ಗುಂಡಿಯೊಳಗೆ, ಬೇರಿಗೆ ತಾಗುವ ಹಾಗೆ ಒಂದು ಚಮಚ ಹಾಕಿ.