ಮದುವೆಗೆ ಮುನ್ನ ಬಿಳುಪಿನ ಕ್ರೀಮು

ಪ್ರಶ್ನೆ: ನನಗೆ 68 ವರ್ಷ. ಮದುವೆ ನಿಶ್ಚಯವಾಗಿರುವ ನನ್ನ ಮೊಮ್ಮಗಳು ಬೆಳ್ಳಗಾಗಬೇಕೆಂದು, ತಯಾರಕರ ವಿವರವೇ ಇಲ್ಲದ ಡಬ್ಬಿಯ ಕ್ರೀಮನ್ನು ಹಚ್ಚುತ್ತಿದ್ದಾಳೆ. ವಾರದಲ್ಲೇ ಮುಖದ ಬಣ್ಣ ತಿಳಿಯಾಯಿತು, ಆದರೆ ಬಿಸಿಲಿಗೆ ಹೋದರೆ ಕೆನ್ನೆ ಕೆಂಪಗಾಗಿ ಉರಿಯುತ್ತದೆ. ಕಡಲೆಹಿಟ್ಟು ಸಾಕೆಂದರೆ ‘ಅಜ್ಜಿ, ಅದು ನಿನ್ನ ಕಾಲದ್ದು’ ಎನ್ನುತ್ತಾಳೆ. ನನ್ನ ಆತಂಕ ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ, ಅಮ್ಮ. ಕೆಲವೇ ದಿನಗಳಲ್ಲಿ ಬಣ್ಣ ಬದಲಿಸುವ ಇಂಥ ಕ್ರೀಮುಗಳಲ್ಲಿ ಎಷ್ಟೋ ಬಾರಿ ಸ್ಟೀರಾಯ್ಡ್ ಅಥವಾ ಪಾದರಸ ಇರುತ್ತದೆ. ಪಾದರಸವು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ತಡೆಯುವುದರ ಜೊತೆಗೇ ದೇಹದೊಳಗೆ ಇಳಿದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದರು. ಬಿಸಿಲಿಗೆ ಕೆನ್ನೆ ಉರಿಯುವುದು ಸ್ಟೀರಾಯ್ಡಿನಿಂದ ಚರ್ಮ ತೆಳುವಾಗಿರುವುದರ ಲಕ್ಷಣವೂ ಆಗಿರಬಹುದು. ಅದನ್ನು ನಿಲ್ಲಿಸಿದಾಗ ಉರಿ, ಮೊಡವೆ ಹೆಚ್ಚುವುದುಂಟು. ಅದಕ್ಕೆ ಹೆದರಿ ಮತ್ತೆ ಅದನ್ನೇ ಹಚ್ಚುವವರು ಬಹಳ. ಆದ್ದರಿಂದ ತಡಮಾಡದೆ, ಡಬ್ಬಿಯ ಸಮೇತ ಚರ್ಮವೈದ್ಯರ ಬಳಿ ಕರೆದೊಯ್ಯಿರಿ. ಕಡಲೆಹಿಟ್ಟು ಜಿಡ್ಡು ತೆಗೆದೀತೇ ಹೊರತು ಬಣ್ಣ ಬದಲಿಸದು. ಅದನ್ನು ಒತ್ತಾಯಿಸುವ ಬದಲು, ಮೊಮ್ಮಗಳ ಮೈಬಣ್ಣಕ್ಕೆ ಕೊರತೆ ಹೇಳಿದವರು ಯಾರೆಂದು ಕೇಳಿ. ಬೀಗರ ಕಡೆಯವರಾದರೆ, ಅವರೊಂದಿಗೆ ಮಾತನಾಡಬೇಕಾದವರು ಹಿರಿಯರಾದ ನೀವೇ.