ಉಲ್ಟಾ ಓಡಿದ ಟೇಪು, ನೆಟ್ಟಗೆ ಕೇಳುವ ಗಿಟಾರ್

ಪ್ರಶ್ನೆ: ಮೂರು ವರ್ಷದಿಂದ ಗಿಟಾರ್ ಕಲಿಯುತ್ತಿದ್ದೇನೆ. ಬೀಟಲ್ಸ್ ಬ್ಯಾಂಡ್‌ನ ‘ಐಯಾಮ್ ಓನ್ಲಿ ಸ್ಲೀಪಿಂಗ್’ ಹಾಡಿನ ನಡುವೆ ಬರುವ ವಾದ್ಯ ಸಿತಾರಾ? ಗಿಟಾರ್ ಆಗಿದ್ದರೆ ನಾದ ಬದಲಿಸಲು ಯಾವ ಪೆಡಲ್ ಬಳಸಿದ್ದಾರೆ? ಎಷ್ಟು ನುಡಿಸಿದರೂ ನನಗೆ ಆ ನಾದ ಸಿಗುತ್ತಿಲ್ಲ.
– ಓದುಗರೊಬ್ಬರು, ಧಾರವಾಡ

ಉತ್ತರ: ಈ ಹಾಡಿನ ಬಗ್ಗೆ ಒಬ್ಬರು ಕೇಳಿದ್ದೇ ನನಗೆ ಖುಷಿ. 1966ರ ‘ರಿವಾಲ್ವರ್’ ಆಲ್ಬಮ್ ಅಂದರೆ ಎಲ್ಲರೂ ‘ಎಲೀನರ್ ರಿಗ್ಬಿ’ ಅಥವಾ ‘ಟುಮಾರೋ ನೆವರ್ ನೋಸ್’ ಬಗ್ಗೆಯೇ ಮಾತಾಡುತ್ತಾರೆ, ಮೂರನೆಯ ಹಾಡಾದ ಇದನ್ನು ದಾಟಿ ಹೋಗುವವರೇ ಜಾಸ್ತಿ. ಅಮೆರಿಕದಲ್ಲಂತೂ ಆಗ ಇದನ್ನು ‘ರಿವಾಲ್ವರ್’ನಿಂದಲೇ ತೆಗೆದು ಬೇರೆ ಆಲ್ಬಮ್‌ಗೆ ಹಾಕಿದ್ದರು.

ಅದು ಸಿತಾರ್ ಅಲ್ಲ, ಎಲೆಕ್ಟ್ರಿಕ್ ಗಿಟಾರೇ. ನುಡಿಸಿದ್ದು ಬೀಟಲ್ಸ್‌ನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್. ನಿಮಗೆ ಸಿತಾರ್ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಗ ಅವರಿಗೆ ನಮ್ಮ ಸಂಗೀತದ ಗುಂಗು ಹಿಡಿದಿತ್ತು, ಇದರ ಮುಂದಿನ ಹಾಡು ‘ಲವ್ ಯೂ ಟು’ನಲ್ಲಿ ಸಿತಾರ್, ತಬಲಾ ಎರಡೂ ಇವೆ.

ಇನ್ನು ನಾದದ ಗುಟ್ಟು. ವೀಣೆಯಾಗಲಿ ಗಿಟಾರಾಗಲಿ, ತಂತಿ ಮೀಟಿದ ಕ್ಷಣ ಸದ್ದು ಜೋರು, ಆಮೇಲೆ ನಿಧಾನವಾಗಿ ಕರಗುತ್ತದೆ ಅಲ್ವಾ? ಟೇಪನ್ನು ಉಲ್ಟಾ ಓಡಿಸಿದರೆ ಸ್ವರ ಎಲ್ಲಿಂದಲೋ ಮೆಲ್ಲಗೆ ಹುಟ್ಟಿ, ಉಬ್ಬುತ್ತಾ ಬಂದು, ಪಟ್ಟನೆ ನಿಂತುಬಿಡುತ್ತದೆ. ತಂತಿ ಎಳೆದು ಏರಿಸಿದ ಸ್ವರ ಇಳಿಯುವಂತೆ ಕೇಳುತ್ತದೆ. ಪೆಡಲ್ ಹುಡುಕಬೇಡಿ, ಆ ನಾದ ಬಂದದ್ದು ಟೇಪಿನಿಂದ.

ಆದರೆ ಸುಮ್ನೆ ಏನೋ ನುಡಿಸಿ ಟೇಪ್ ತಿರುಗಿಸಿದ್ದಲ್ಲ, ನನಗೆ ಇಷ್ಟವಾಗುವುದು ಇದೇ. ಕೊನೆಗೆ ಯಾವ ಧಾಟಿ ಕೇಳಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಂಡು, ಅದರ ಸ್ವರಗಳನ್ನು ಕೊನೆಯಿಂದ ಮೊದಲಿಗೆ ಬರೆದುಕೊಂಡರು. ಬರೆಯಲು ನೆರವಾದದ್ದು ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್. ಆಮೇಲೆ ಹಾಡು ಹಿಂದಕ್ಕೆ ಓಡುತ್ತಿರುವಾಗ ಅದರ ಜೊತೆ ಹ್ಯಾರಿಸನ್ ಈ ಉಲ್ಟಾ ಸ್ವರಗಳನ್ನು ನುಡಿಸಬೇಕು. ಟೇಪನ್ನು ಮತ್ತೆ ನೆಟ್ಟಗೆ ಓಡಿಸಿದಾಗ ಹಾಡು ನೆಟ್ಟಗಾಗುತ್ತದೆ, ಗಿಟಾರಿನ ನಾದ ಮಾತ್ರ ಉಲ್ಟಾ ಕೇಳುತ್ತದೆ. ಅದೂ ಒಂದಲ್ಲ, ಎರಡು ಸಲ: ಒಂದು ಸಾದಾ ಗಿಟಾರ್, ಇನ್ನೊಂದು ಕರಕರ ಅನ್ನುವ ಫಜ್ ಗಿಟಾರ್, ಎರಡೂ ಒಂದರ ಮೇಲೊಂದು. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ 1966ರ ಮೇ 5ರ ರಾತ್ರಿ ಐದಾರು ಗಂಟೆ ಇದಕ್ಕೇ ಹೋಯಿತು. ಹಾಡಿನಲ್ಲಿ ಅದು ಕೇಳುವುದು ಕೆಲವೇ ಸೆಕೆಂಡು!

ಇಷ್ಟು ಕಷ್ಟ ಯಾಕೆ ಅಂದರೆ, ಇದು ‘ನನ್ನನ್ನು ಎಬ್ಬಿಸಬೇಡಿ’ ಅನ್ನುವವನ ಹಾಡು. ವಾದ್ಯಗಳ ಟೇಪನ್ನು ನಿಧಾನ ಮಾಡಿದ್ದಾರೆ, ಹಾಡಿದ ಜಾನ್ ಲೆನನ್ ದನಿಯನ್ನು ಸ್ವಲ್ಪ ವೇಗ ಮಾಡಿದ್ದಾರೆ, ನಡುವೆ ಒಂದು ಆಕಳಿಕೆ ಕೂಡ ಇದೆ. ಅರೆನಿದ್ದೆಯಲ್ಲಿರುವವನ ಕಿವಿಗೆ ಹೊರಗಿನ ಸದ್ದು ಹೇಗೆ ಬಂದು ಬಂದು ಕಡಿದುಹೋಗುತ್ತದೋ, ಗಿಟಾರ್ ಹಾಗೇ ಬರುತ್ತದೆ.

ನೀವು ಮನೆಯಲ್ಲೇ ಮಾಡಬಹುದು. ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡು, ನಿಮ್ಮದೇ ಕಾರ್ಡ್‌ಗಳನ್ನು (ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು) ರೆಕಾರ್ಡ್ ಮಾಡಿ ಉಲ್ಟಾ ಮಾಡಿ. ಈಗ ಕೊನೆಯ ಕಾರ್ಡ್ ಮೊದಲು ಬರುತ್ತದೆ, ಅದನ್ನು ನೆನಪಿಡಿ. ಅದರ ಜೊತೆ ನುಡಿಸಿ, ಎಲ್ಲವನ್ನೂ ಮತ್ತೆ ಉಲ್ಟಾ ಮಾಡಿ. ಶುರುವಿಗೆ ನಾಲ್ಕೇ ಸ್ವರ ಸಾಕು, ಒಂದೊಂದನ್ನೂ ಪೂರ್ತಿ ಕರಗಲು ಬಿಡಿ. ಬೇಗ ಬೇಗ ನುಡಿಸಿದರೆ ಆ ಉಬ್ಬುವಿಕೆ ಕೇಳುವುದೇ ಇಲ್ಲ.