ನಿಮ್ಮ ಮಿಜ್ರಾಹ್ ಲೇಖನ ತಿದ್ದಲು ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ. ಲೇಖನ ಓದಿದೆ. ಯುರೋಪಿನ ಯೆಹೂದ್ಯರು ಪ್ರಾರ್ಥನೆಯ ದಿಕ್ಕು ತೋರಿಸಲು ಮನೆಯ ಪೂರ್ವದ ಗೋಡೆಗೆ ತೂಗುಹಾಕುತ್ತಿದ್ದ ‘ಮಿಜ್ರಾಹ್’ ಎಂಬ ಹಳೇ ಅಚ್ಚಿನ ಚಿತ್ರಗಳ ಬಗ್ಗೆ ಕನ್ನಡದಲ್ಲಿ ಬರೆಯೋಕೆ ಹೊರಟಿದ್ದೀರಿ, ಶಹಬ್ಬಾಸ್. ಭಾಷೆಯೂ ಸಲೀಸಾಗಿದೆ. ಆದರೆ ಕೆಲವು ವಾಕ್ಯ ಓದಿ ಸಿಟ್ಟು ಬಂತು.

‘ಜಗತ್ತಿನ ಯೆಹೂದ್ಯರೆಲ್ಲ ಪೂರ್ವಕ್ಕೆ ತಿರುಗಿ ಪ್ರಾರ್ಥಿಸುತ್ತಾರೆ.’ ಎಲ್ಲರೂ ಹೇಗಾಗುತ್ತೆ? ಅವರು ತಿರುಗೋದು ಜೆರುಸಲೇಮಿನ ಕಡೆಗೆ. ಜರ್ಮನಿಯವರಿಗೆ ಅದು ಪೂರ್ವ, ಬಾಗ್ದಾದಿನವರಿಗೆ ಪಶ್ಚಿಮ. ಇಲ್ಲೇ ಕೊಚ್ಚಿಯ ಯೆಹೂದ್ಯರ ಪ್ರಾರ್ಥನಾ ಮಂದಿರ, ಪರದೇಶಿ ಸಿನಗಾಗ್‌ನಲ್ಲಿ ತೋರಾ ಎಂಬ ಧರ್ಮಗ್ರಂಥದ ಸುರುಳಿಗಳ ಕಪಾಟು ಇರೋದು ಪಶ್ಚಿಮದ ಗೋಡೆಯಲ್ಲಿ. ನಕಾಶೆ ನೋಡಿದ್ದರೆ ಸಾಕಿತ್ತು ಅಲ್ವಾ?

ಮುಂದೆ, ‘ಈ ಅದ್ಭುತ, ಮನಮೋಹಕ ಕಲಾಕೃತಿಯನ್ನು ಕಂಡು ಮೂಕನಾದೆ.’ ನೀವೇ ಮೂಕರಾದರೆ ಬರೆಯೋರು ಯಾರು? ಚಿತ್ರದ ಫೋಟೋ ನೀವೇ ಕಳಿಸಿದ್ದೀರಿ. ನಡುವೆ ದಪ್ಪ ಹೀಬ್ರೂ ಅಕ್ಷರ, ಎರಡೂ ಬದಿ ಹಿಂಗಾಲ ಮೇಲೆ ನಿಂತ ಸಿಂಹ, ಮೇಲೆ ಕಿರೀಟ. ಎಡಗಡೆ ಸಿಂಹದ ಕೆಂಪು ನೋಡಿ, ಗೆರೆ ದಾಟಿ ಆಚೆ ಹೋಗಿದೆ. ಅದು 19ನೇ ಶತಮಾನದ ಕಲ್ಲಚ್ಚು, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಒಂದೇ ಹಾಳೆಯನ್ನು ಮತ್ತೆ ಮತ್ತೆ ಒತ್ತುವಾಗ ಕೂದಲೆಳೆಯಷ್ಟು ಸರಿದರೂ ಬಣ್ಣ ಹೀಗೇ ಕೂರುತ್ತೆ. ಕೈಯಿಂದ ಬರೆಸಲು ಕಾಸಿಲ್ಲದ ಮನೆಗೂ ಸಿಂಹ ಬಂದಿದ್ದು ಈ ಅಚ್ಚಿನಿಂದ. ಇದೊಂದೂ ನಿಮ್ಮ ಲೇಖನದಲ್ಲಿಲ್ಲ!

ನಾನು ಪತ್ರಿಕೆ ಸೇರಿದ ಹೊಸದರಲ್ಲಿ ಹಿರಿಯ ಉಪಸಂಪಾದಕರೊಬ್ಬರು ಗೋಡೆ ಮೇಲಿದ್ದ ರವಿವರ್ಮನ ಲಕ್ಷ್ಮಿಯ ಹಳೇ ಪ್ರಿಂಟ್ ಮುಂದೆ ಕೂರಿಸಿ, ‘ಸುಂದರ ಅನ್ನದೆ ಅರ್ಧ ಪುಟ ಬರಿ’ ಅಂದಿದ್ದರು. ಮಹಾ ಕಿರಿಕಿರಿ ಮನುಷ್ಯ, ಕಾಫಿಗೂ ಬಿಡಲಿಲ್ಲ. ಚಿಕ್ಕಂದಿನಿಂದ ನೋಡಿದ್ದ ಚಿತ್ರ. ಆದರೂ ಆನೆ ಸೊಂಡಿಲಲ್ಲಿ ಹೂಮಾಲೆ ಹಿಡಿದಿರೋದು ನನ್ನ ಕಣ್ಣಿಗೆ ಬಿದ್ದಿದ್ದು ಅವತ್ತೇ.

ಇನ್ನು ನಿಮ್ಮ ಕೊನೇ ಸಾಲು, ‘ದಿಕ್ಕು ಗೋಡೆಯಲ್ಲಿಲ್ಲ, ಹೃದಯದಲ್ಲಿದೆ.’ ಸುಮಾರು ಕ್ರಿ.ಶ. 200ರಲ್ಲಿ ಸಂಕಲನವಾದ ಯೆಹೂದ್ಯರ ಧರ್ಮನಿಯಮಗಳ ಗ್ರಂಥ ಮಿಷ್ನಾದಲ್ಲಿ ಇದು ಆಗಲೇ ಇದೆ, ಅದೂ ಕತ್ತೆ ಸಮೇತ. ಕತ್ತೆ ಮೇಲೆ ಹೋಗುವವನು ಪ್ರಾರ್ಥನೆಗೆ ಇಳಿಯಬೇಕು, ಇಳಿಯಲಾಗದಿದ್ದರೆ ಜೆರುಸಲೇಮಿನ ಕಡೆ ಮುಖ ತಿರುಗಿಸಬೇಕು, ಅದೂ ಆಗದಿದ್ದರೆ ಮನಸ್ಸನ್ನಾದರೂ ಆ ಕಡೆ ಇಡಬೇಕು. ಉಪದೇಶ ತೆಗೆದು ಕತ್ತೆಯನ್ನು ಒಳಗೆ ತನ್ನಿ. ತಿದ್ದಿ ಕಳಿಸಿ, ಓದುತ್ತೇನೆ.